ಕೊಲಂಬೊಗೆ ಹೋಗಿ ಬಂದ ಗೋಲ್‌ಕೀಪರ್

ಜೆಪ್ಪುವಿನ ಮನೆಯಲ್ಲಿ ಗೆಳೆಯನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅವನ ಹಿರಿಯ ಮಗ ನನ್ನ ಪಕ್ಕಕ್ಕೆ ಬಂದು ನಿಂತ. ಕೈ ಒರೆಸಲು ಬೈರಾಸು ಕೊಟ್ಟ. "ಮಾಸ್ತರ್ರೇ, ನಿಮ್ಮತ್ರ ಒಂದು ಕೇಳ್ಲಿಕ್ಕೆ ಉಂಟು. ಅಪ್ಪ ಸಣ್ಣದಿರುವಾಗ ಹಾಕಿ ಆಡ್ತಿದ್ದರಂತೆ, ಹೌದಾ?" ಎಂದು ಕೇಳಿದ.

"ಯಾರು ಹೇಳಿದ್ದು ನಿನಗೆ?"

"ಮೊನ್ನೆ ಒಬ್ಬರು ವಯಸ್ಸಾದವರು ಬಂದಿದ್ದರು. ಕೊಲಂಬೊವರೆಗೆ ಹೋಗಿ ಆಡಿ ಬಂದವ ನಿನ್ನ ಅಪ್ಪ ಅಂದ್ರು. ನಮಗೆ ಎಂತದೂ ಗೊತ್ತಿಲ್ಲ. ಒಂದು ದಿನ ಕೂಡ ಹೇಳಿದವರಲ್ಲ."

ಮಗನಿಗೆ ನಲವತ್ತರ ಆಸುಪಾಸು. ಅಪ್ಪನ ಜೊತೆ ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವನು. ಅವನಿಗೆ ನಾನು ಆ ಹೊತ್ತಿಗೆ ಹೇಳಿದ್ದು, "ಹೌದು, ಆಡ್ತಿದ್ದ. ನಾನೂ ಆ ತಂಡದಲ್ಲಿ ಇದ್ದೆ" ಎಂದಷ್ಟೇ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತನ್ನ ಹೆಸರು ಎಲ್ಲಿಯಾದರೂ ಕಾಗದದ ಮೇಲೆ ಬೀಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ನಾವಿಬ್ಬರೂ ಬೋರ್ಡಿಂಗ್ ಶಾಲೆಯ ಹುಡುಗರು. ಊರಿನ ಕೆಲವು ಅನುಕೂಲಸ್ಥರು ಸೇರಿ ನಡೆಸುತ್ತಿದ್ದ ಶಾಲೆ ಅದು, ಈಗ ಇಲ್ಲ. ಅವನದು ಉಳ್ಳಾಲದ ಕಡೆಯ ಗೇಣಿ ಸಾಗುವಳಿಯ ಮನೆ. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ, ಸಾಕಿದವರು ಅಜ್ಜಿ. ಹುಡುಗ ನಾಲ್ಕಕ್ಷರ ಇಂಗ್ಲಿಷ್ ಕಲಿಯಲಿ ಎಂದು ಸೋದರಮಾವ ತಂದು ಬೋರ್ಡಿಂಗಿಗೆ ಸೇರಿಸಿದ್ದರು. ಹೊಳೆಯ ಆಚೆಯೇ ಮನೆ, ಆದರೂ ಮಳೆಗಾಲದಲ್ಲಿ ದೋಣಿ ದಾಟುವುದೆಂದರೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗೆ. ಹಾಗಾಗಿ ಅವನು ಮನೆಗೆ ಹೋಗುತ್ತಿದ್ದದ್ದು ರಜೆಯಲ್ಲಿ ಮಾತ್ರ. ಬರುವಾಗ ಅಜ್ಜಿ ಕಟ್ಟಿಕೊಟ್ಟ ಹಲಸಿನ ಹಪ್ಪಳ ತರುತ್ತಿದ್ದ. ಕೇಳಿದವರಿಗೆಲ್ಲ ಕೊಡುತ್ತಿದ್ದ, ಕೇಳದವರಿಗೆ ಅವರ ಚಾಪೆಯ ಮೇಲೆ ಇಟ್ಟು ಹೋಗುತ್ತಿದ್ದ.

ಮಾತು ಕಮ್ಮಿ. ಯಾವುದಕ್ಕೂ "ನೋಡುವ" ಎನ್ನುವುದೇ ಅವನ ಉತ್ತರ. ಪರೀಕ್ಷೆ ಹೇಗೆ ಬರೆದೆ ಎಂದರೆ ನೋಡುವ. ನಾಳೆ ಗೆಲ್ತೇವಾ ಎಂದರೂ ನೋಡುವ. ಹಾಗೆ ಹೇಳುವಾಗ ಕತ್ತನ್ನು ಸ್ವಲ್ಪ ಓರೆ ಮಾಡಿ, ಎದುರಿಗಿದ್ದವರ ಮುಖವನ್ನು ಬಿಟ್ಟು ಭುಜದಾಚೆಗೆ ನೋಡುತ್ತಿದ್ದ. ಅದನ್ನು ಕೆಲವರು ಅಹಂಕಾರವೆಂದುಕೊಂಡರು. ಗಂಜಿ ಊಟದ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಏಳುವವನೂ ಅವನೇ. ನಿಧಾನ, ಪ್ರತಿಯೊಂದರಲ್ಲೂ ನಿಧಾನ. ಅಂಥವನು ಕಾಲಿಗೆ ಪ್ಯಾಡು ಕಟ್ಟಿ ಗೋಲಿನ ಮುಂದೆ ನಿಂತನೆಂದರೆ ಬೇರೆಯೇ ಪ್ರಾಣಿ. ಮುರಕಲ್ಲಿನ ಗಟ್ಟಿ ನೆಲದ ಮೇಲೆ ಚೆಂಡು ಎಲ್ಲಿ ಪುಟಿದರೂ ಅವನ ಕಾಲು ಮೊದಲೇ ಅಲ್ಲಿರುತ್ತಿತ್ತು.

ಒಮ್ಮೆ ನನಗೆ ಹೇಳಿಕೊಟ್ಟಿದ್ದ: "ಚೆಂಡು ನೋಡ್ಬೇಡ ಮಾರಾಯ. ಹೊಡೆಯುವವನ ಕಣ್ಣು ನೋಡು. ಚೆಂಡು ಹೋಗುವ ಮೊದಲು ಕಣ್ಣು ಅಲ್ಲಿಗೆ ಹೋಗಿ ಬಂದಿರ್ತದೆ."

ಅವನಿಗೆ 'ಗೋಡೆ' ಎಂದು ಹೆಸರಿಟ್ಟವರು ನಮ್ಮ ಆಟದ ಮಾಸ್ತರರು. ಅವರು ಜರ್ಮನಿಯವರು. ಕಾಫಿ ವ್ಯಾಪಾರದ ಯಾವುದೋ ಕಂಪೆನಿಯ ಕೆಲಸಕ್ಕೆಂದು ಬಂದು, ಆ ಕಂಪೆನಿ ಬಾಗಿಲು ಹಾಕಿದ ಮೇಲೂ ಊರು ಬಿಡದೆ ಉಳಿದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಹಾಗಾಗಿ ನಮ್ಮಂಥ ಪೋಕರಿಗಳನ್ನೂ ಬಹುವಚನದಲ್ಲೇ ಕರೆಯುವುದು. "ನೀವು ಬೇಗನೆ ಓಡಿರಿ." "ನೀವು ಏತಕ್ಕಾಗಿ ನಗುತ್ತೀರಿ?" ನಾವು ಅವರ ಬೆನ್ನ ಹಿಂದೆ ಹಾಗೆಯೇ ಆಡಿ ನಗುತ್ತಿದ್ದೆವು. ಆದರೆ ಆ ಶಾಲೆಯಲ್ಲಿ ಬೆತ್ತ ಹಿಡಿಯದ ಮಾಸ್ತರರು ಅವರೊಬ್ಬರೇ. ಬಿದ್ದು ಮೊಣಕಾಲು ತರಚಿಕೊಂಡವನ ಮುಂದೆ ನೆಲದಲ್ಲೇ ಕೂತು ಗಾಯ ತೊಳೆಯುತ್ತಿದ್ದರು. ಗೋಡೆಯನ್ನು ಗೋಡೆಯನ್ನಾಗಿ ಮಾಡಿದವರೂ ಅವರೇ. ಮಳೆ ಸುರಿಯುತ್ತಿರುವಾಗ ಇಬ್ಬರೇ ಮೈದಾನಕ್ಕಿಳಿಯುತ್ತಿದ್ದರು. ಅವರು ಹೊಡೆಯುವುದು, ಇವನು ತಡೆಯುವುದು, ಕತ್ತಲಾಗುವವರೆಗೆ ಇಬ್ಬರಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಅಪ್ಪನಿಲ್ಲದ ಹುಡುಗ ಆ ಮನುಷ್ಯನನ್ನು ಹೇಗೆ ನೋಡುತ್ತಿದ್ದ ಎಂಬುದು ನಮಗೆಲ್ಲ ಕಾಣುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ, ಮಳೆಗಾಲದ ಹೊತ್ತಿಗೆ, ಮಾಸ್ತರರು ಬದಲಾದರು. ಅವರ ಕೋಣೆಯಲ್ಲಿ ಒಂದು ರೇಡಿಯೋ ಇತ್ತು. ಸಂಜೆ ನಾವು ಓದಲು ಕೂತಾಗ ಆ ಕೋಣೆಯಿಂದ ಒಬ್ಬ ಮನುಷ್ಯ ಕೂಗಾಡುವ ಸದ್ದು ಬರುತ್ತಿತ್ತು. ಭಾಷೆ ನಮಗೆ ತಿಳಿಯದು. ಕೂಗು ನಿಂತ ಮೇಲೆ ಸಾವಿರಾರು ಮಂದಿ ಒಟ್ಟಿಗೆ ಅರಚುವುದು ಕೇಳುತ್ತಿತ್ತು, ಕಡಲು ಕಟ್ಟೆಯೊಡೆದು ಬಂದ ಹಾಗೆ. ಆಮೇಲೆ ಮಾಸ್ತರರು ಹೊರಗೆ ಬಂದು ಜಗಲಿಯಲ್ಲಿ ಆಚೆಯಿಂದ ಈಚೆ ನಡೆಯುತ್ತಿದ್ದರು. ನಾವು ಎದುರು ಸಿಕ್ಕಿದರೂ ಕಾಣದವರಂತೆ. ಒಂದು ದಿನ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಬಂದು ಹೆಡ್‌ಮಾಸ್ತರರ ಕೋಣೆಯಲ್ಲಿ ಬಾಗಿಲು ಹಾಕಿ ಕೂತು ಹೋದರು. ಯಾಕೆ ಬಂದರೆಂದು ನಮಗೆ ಯಾರೂ ಹೇಳಲಿಲ್ಲ.

ಆ ಹೊತ್ತಿನಲ್ಲೇ ಕೊಲಂಬೊದಿಂದ ಕರೆ ಬಂತು. ಅಲ್ಲಿಯ ಒಂದು ಶಾಲೆಯ ಜುಬಿಲಿ, ಹಾಕಿ ಪಂದ್ಯಗಳಿಗೆ ನಮ್ಮ ತಂಡ ಬರಬೇಕು ಎಂದು. ಮಾಸ್ತರರೇ ಯಾರ ಮೂಲಕವೋ ಏರ್ಪಾಡು ಮಾಡಿಸಿದ್ದು. ಹೆಡ್‌ಮಾಸ್ತರರಿಗೆ ಮನಸ್ಸಿರಲಿಲ್ಲ. "ಕಾಲ ಸರಿ ಇಲ್ಲ. ಬರುವ ವರ್ಷ ನೋಡುವ" ಎಂದರು. ನಾನು ಹಾಜರಿ ಪುಸ್ತಕ ಇಡಲು ಹೋದವನು ಅಲ್ಲೇ ಬಾಗಿಲಲ್ಲಿದ್ದೆ. ಮಾಸ್ತರರು ಮೇಜಿನ ಮೇಲೆ ಎರಡೂ ಕೈ ಊರಿ ಹೇಳಿದರು: "ಈ ವರ್ಷವೇ ಹೋಗಬೇಕು. ಬರುವ ವರ್ಷ ಹೋಗಲಾಗುವುದಿಲ್ಲ." ಅವರ ಕನ್ನಡ ಎಂದಿನ ಹಾಗೆ ಪುಸ್ತಕದ್ದೇ, ಆದರೆ ನಗು ಬರಲಿಲ್ಲ.

ಕ್ಯಾಪ್ಟನ್ ಗೋಡೆಯೇ. ರೈಲಿನಲ್ಲಿ ಹೊರಟೆವು. ನೇತ್ರಾವತಿಯ ಸೇತುವೆ ದಾಟಿದ ಕೂಡಲೇ ಅವನು ಎದ್ದು ಬಾಗಿಲಿಗೆ ಹೋಗಿ ನಿಂತ. ಹಳಿಯ ಪಕ್ಕದ ತೆಂಗಿನ ತೋಪಿನ ಬೇಲಿಗೆ ಒರಗಿ ಅವನ ಅಜ್ಜಿ ನಿಂತಿದ್ದರು, ತಲೆಗೆ ಮಳೆ ತಡೆಯುವ ಓಲೆಯ ಗೊರಬೆ ಹಾಕಿಕೊಂಡು. ಮಳೆ ಜೋರಿತ್ತು. ಅಜ್ಜಿ ತುಳುವಿನಲ್ಲಿ, "ಪೋದು ಬಲ ಮಗಾ" ಎಂದು ಕೂಗಿದರು. ಹೋಗಿ ಬಾ ಎಂದು. ರೈಲು ಮುಂದೆ ಹೋಗಿ ಬಹಳ ಹೊತ್ತಾದರೂ ಅವನು ಬಾಗಿಲು ಬಿಟ್ಟು ಬರಲಿಲ್ಲ.

"ಒಳಗೆ ಬಾ, ಒದ್ದೆ ಆಗ್ತಿ" ಎಂದೆ.

"ಅಜ್ಜಿ ಕೈ ಬೀಸಲಿಲ್ಲ" ಎಂದ. "ಯಾವಾಗಲೂ ಬೀಸ್ತಾರೆ."

ಧನುಷ್ಕೋಟಿಯಲ್ಲಿ ಸಣ್ಣ ಸ್ಟೀಮರ್ ಹತ್ತುವ ಮೊದಲು ಡಾಕ್ಟರು ನಮ್ಮ ಕಣ್ಣು, ನಾಲಗೆ ನೋಡಿದರು. ಇನ್ನೊಬ್ಬ ಅಧಿಕಾರಿ ಮಾಸ್ತರರ ಕಾಗದಗಳನ್ನು ಹಿಡಿದುಕೊಂಡು ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಸ್ಟೀಮರು ಕೂಗತೊಡಗಿತು. ಮಾಸ್ತರರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಕೊನೆಗೆ ಅವನು ಬಂದು ಕಾಗದ ಕೊಟ್ಟು, ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಹುಡುಗರ ಜೊತೆ ಎಂದು ಬಿಡುತ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ಮಾತಿನ ತೂಕ ಆಗ ನಮಗೆ ತಿಳಿಯಲಿಲ್ಲ. ನಮಗೆ ಸಮುದ್ರ ದಾಟುವ ಸಂಭ್ರಮ.

ಕೊಲಂಬೊ ನಾವು ಎಣಿಸಿದ್ದ ಹಾಗೆ ಇರಲಿಲ್ಲ. ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಮರಳಿನ ಚೀಲ ಪೇರಿಸುತ್ತಿದ್ದರು. ಸಂಜೆ ದೀಪ ಆರಿಸುವ ಅಭ್ಯಾಸ ನಡೆಯುತ್ತಿತ್ತು. ಇಡೀ ಬೀದಿ ಒಮ್ಮೆಲೇ ಕಪ್ಪಾಗಿ, ಎಲ್ಲೋ ಒಂದು ಮಗು ಅಳುವುದು ಮಾತ್ರ ಕೇಳುತ್ತಿತ್ತು. ನಮಗೆ ಊಟ ಬಡಿಸುತ್ತಿದ್ದ ಅಲ್ಲಿನ ಹುಡುಗರು ಗೂಢಚಾರರ ಕಥೆ ಹೇಳುತ್ತಿದ್ದರು. ಹಿಂದಿನ ಯುದ್ಧದಲ್ಲಿ ಅಂಥವರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು, ಈ ಸಲ ಗಲ್ಲಿಗೆ ಹಾಕುತ್ತಾರಂತೆ, ಎಂದು. ಗೋಡೆ ಆ ಮಾತನ್ನು ತಲೆ ತಗ್ಗಿಸಿ ಕೇಳುತ್ತಿದ್ದ.

ಮೊದಲ ಪಂದ್ಯ ಗೆದ್ದೆವು. ಅವನು ಒಂದು ಗೋಲೂ ಬಿಡಲಿಲ್ಲ. ಮೈದಾನದ ಅಂಚಿನಲ್ಲಿ ಬಿಳಿ ಸೂಟಿನ ಒಬ್ಬ ಮನುಷ್ಯ ಒಂಟಿಯಾಗಿ ಕುರ್ಚಿ ಹಾಕಿ ಕೂತಿದ್ದ. ಗೋಲಾದರೂ ಚಪ್ಪಾಳೆ ಇಲ್ಲ, ಆಟದ ಕಡೆ ಕಣ್ಣೇ ಇಲ್ಲ. ನೋಡುತ್ತಿದ್ದದ್ದು ನಮ್ಮ ಮಾಸ್ತರರನ್ನು. ಎರಡನೆಯ ಪಂದ್ಯಕ್ಕೂ ಬಂದಿದ್ದ.

ಆ ಎರಡು ಪಂದ್ಯಗಳ ನಡುವಿನ ದಿನ ಮಾಸ್ತರರು ನಮ್ಮನ್ನು ಬಂದರು ನೋಡಲು ಕರೆದುಕೊಂಡು ಹೋದರು. ಅವರ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇತ್ತು. ನೀರಿನಲ್ಲಿ ಬೂದು ಬಣ್ಣದ ಒಂದು ಯುದ್ಧನೌಕೆ ನಿಂತಿತ್ತು. ಅದರ ಫಿರಂಗಿಗಳನ್ನು ನೋಡಿ ನಮಗೆ ಬಾಯಿ ಮುಚ್ಚಲಿಲ್ಲ. ಮಾಸ್ತರರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ಎಡಕ್ಕೆ ಸರಿಯಿರಿ. ಇನ್ನೂ ಎಡಕ್ಕೆ." ಒಂದು ಚಿತ್ರ ತೆಗೆದರು. ಮತ್ತೆ ಸರಿಸಿದರು. ನಾವು ಎದೆ ಉಬ್ಬಿಸಿ ನಿಂತಿದ್ದೆವು. ಆಗ ಗೋಡೆ ಸಾಲು ಬಿಟ್ಟು ಹೊರಗೆ ಬಂದ. ಬಂದು ಮಾಸ್ತರರ ಪಕ್ಕದಲ್ಲಿ ನಿಂತ. ಅವರು "ನೀವು ಏಕೆ ಬಂದಿರಿ?" ಎಂದರು. ಅವನು ಅವರ ಮುಖವನ್ನೇ ನೋಡುತ್ತಿದ್ದ. ಮಾಸ್ತರರು ನಮಗೆ, "ಸಾಕು, ಹೋಗಿ ಕಡಲೆ ತಿನ್ನಿರಿ" ಎಂದರು. ನಾವು ಕಡಲೆ ಮಾರುವವನ ಕಡೆಗೆ ಓಡಿದೆವು. ಅವರಿಬ್ಬರು ಅಲ್ಲೇ ಉಳಿದರು. ಆಮೇಲೆ ಅಲ್ಲಿ ಏನಾಯಿತೆಂದು ನಾವು ಯಾರೂ ನೋಡಲಿಲ್ಲ.

ಯುದ್ಧ ಘೋಷಣೆಯಾದದ್ದು ಒಂದು ಭಾನುವಾರ. ಸಂಜೆ ಆ ಶಾಲೆಯ ಹಾಲಿನಲ್ಲಿ ಚಹಾ ಇತ್ತು, ಮೂಲೆಯಲ್ಲಿ ರೇಡಿಯೋ. ಸುದ್ದಿ ಮುಗಿದ ಮೇಲೆ ಒಬ್ಬೊಬ್ಬರೇ ತಿರುಗಿ ನಮ್ಮ ಮಾಸ್ತರರ ಕಡೆ ನೋಡಿದರು. ಅವರು ಕಪ್ಪನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಕೋಣೆಗೆ ಹೋಗಿ ಪೆಟ್ಟಿಗೆ ಕಟ್ಟಿ, ಬೂಟು ಹಾಕಿ, ಮಂಚದ ತುದಿಯಲ್ಲಿ ಕೂತರು. ಪೊಲೀಸರು ಬರುವುದಕ್ಕೆ ಹೆಚ್ಚು ಹೊತ್ತೇನೂ ಆಗಲಿಲ್ಲ. ಜೊತೆಗೆ ಆ ಬಿಳಿ ಸೂಟಿನವನು.

ಹೊರಡುವಾಗ ಮಾಸ್ತರರು ಗೋಡೆಯ ಮುಂದೆ ನಿಂತರು. "ಹುಡುಗರನ್ನು ಊರಿಗೆ ಮುಟ್ಟಿಸಿರಿ" ಎಂದರು.

"ಆಯ್ತು ಸರ್."

ಕ್ಯಾಮೆರಾ ಪೊಲೀಸರ ಕೈಯಲ್ಲಿತ್ತು.

ಮರುದಿನ ಬಿಳಿ ಸೂಟಿನವನು ಮತ್ತೆ ಬಂದ. ನಮ್ಮನ್ನು ಜಗಲಿಯಲ್ಲಿ ನಿಲ್ಲಿಸಿದ. ಕೈಯಲ್ಲಿ ತೊಳೆದು ತೆಗೆದ ಚಿತ್ರಗಳು, ಇನ್ನೂ ಪೂರ್ತಿ ಒಣಗಿರಲಿಲ್ಲ. ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಕೇಳಿದ: "ಈ ಕೊನೆಯ ಎರಡರಲ್ಲಿ ಹುಡುಗರು ಯಾರೂ ಇಲ್ಲ. ಹಡಗು ಉಂಟು, ದಡದ ಫಿರಂಗಿಗಳು ಉಂಟು. ಇವನ್ನು ತೆಗೆದದ್ದು ನಿಮ್ಮ ಮಾಸ್ತರ. ಕಂಡವರು ಯಾರು?"

ನಾವು ಕಂಡಿರಲಿಲ್ಲ, ಕಾಣಲಿಲ್ಲ ಎಂದೆವು. ಅವನು ಒಬ್ಬೊಬ್ಬರ ಮುಖಕ್ಕೂ ಬಂದು ನಿಂತು ಕೇಳುತ್ತಾ ಸಾಲಿನಲ್ಲಿ ಮುಂದೆ ಬರುತ್ತಿದ್ದ. ಗೋಡೆಯ ಹತ್ತಿರ ಮುಟ್ಟುವ ಮೊದಲೇ ಇವನು ಒಂದು ಹೆಜ್ಜೆ ಮುಂದೆ ಬಂದ.

"ತೆಗೆದದ್ದು ನಾನು ಸರ್. ಮಾಸ್ತರರ ಹತ್ತಿರ ಕೇಳಿ ತೆಗೆದುಕೊಂಡೆ. ನನ್ನ ಅಜ್ಜಿ ಹಡಗು ನೋಡಿದವರಲ್ಲ. ಅವರಿಗೆ ತೋರಿಸ್ಲಿಕ್ಕೆ."

ಅವನ ಬಾಯಲ್ಲಿ ಅಷ್ಟು ಉದ್ದದ ಇಂಗ್ಲಿಷ್ ಮಾತನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. ಬಿಳಿ ಸೂಟಿನವನು ನಕ್ಕ. "ನಿನಗೆ ಏನು ಹೇಳುತ್ತಿದ್ದೀ ಎಂದು ಗೊತ್ತುಂಟಾ?" ಎಂದ.

"ಗೊತ್ತುಂಟು ಸರ್."

ಅವನನ್ನು ಕರೆದುಕೊಂಡು ಹೋದರು. ಉಳಿದ ಪಂದ್ಯಗಳ ಮಾತು ಯಾರೂ ಎತ್ತಲಿಲ್ಲ. ಆ ಶಾಲೆಯವರು ನಮಗೆ ಊಟ ಕೊಟ್ಟರು, ಆದರೆ ಮೊದಲಿನ ಹುಡುಗರು ಬಡಿಸಲು ಬರಲಿಲ್ಲ. ಆಳುಗಳು ಬಂದು ತಟ್ಟೆ ಇಟ್ಟು ಹೋದರು. ಅವನನ್ನು ಏನು ಮಾಡಿದರೋ, ನಮ್ಮನ್ನು ಏನು ಮಾಡುತ್ತಾರೋ ಎಂದು ನಾವು ಒಂದೇ ಕೋಣೆಯಲ್ಲಿ ಕುರಿಗಳ ಹಾಗೆ ಒತ್ತಿಕೊಂಡು ಕೂತಿದ್ದೆವು.

ಮಾರನೆಯ ಸಂಜೆ ಅವನನ್ನು ತಂದು ಬಿಟ್ಟರು. ಬಲಗಿವಿಯಿಂದ ದವಡೆಯವರೆಗೆ ನೀಲಿಗಟ್ಟಿತ್ತು. ಯಾರು ಹೊಡೆದರು, ಎಲ್ಲಿ ಇಟ್ಟಿದ್ದರು, ಎಂತ ಕೇಳಿದರು, ಒಂದನ್ನೂ ಅವನು ಹೇಳಲಿಲ್ಲ. ಆವತ್ತೂ ಹೇಳಲಿಲ್ಲ, ಆಮೇಲೂ ಇಲ್ಲ. ಬಂದವನು ಮೊದಲು ಕೇಳಿದ್ದು, "ಎಲ್ಲರೂ ಇದ್ದೀರಾ?" ಎಂದು.

ವಾಪಸು ಬರುವಾಗ ಕಡಲು ಕಪ್ಪಿತ್ತು. ಸ್ಟೀಮರಿನಲ್ಲಿ ದೀಪ ಹಾಕಿರಲಿಲ್ಲ. ಜನ ತುಂಬಿದ್ದರು, ಎಲ್ಲರಿಗೂ ಹೇಗಾದರೂ ದಾಟುವ ಆತುರ. ಗೋಡೆ, ಸ್ಟೀಮರಿಗೆ ಹತ್ತುವ ಹಲಗೆಯ ಪಕ್ಕದಲ್ಲಿ ನಿಂತು, ನಾವು ಹತ್ತುವಾಗ ಒಬ್ಬೊಬ್ಬರ ತಲೆ ಮುಟ್ಟಿ ಒಳಗೆ ಬಿಟ್ಟ. ಕೊನೆಗೆ ತಾನು ಹತ್ತಿದ. ನಾನು ಅವನ ಪಕ್ಕ ಕೂತು ಮೆಲ್ಲಗೆ, "ನಿಜವಾಗಿ ನೀನೇ ತೆಗೆದದ್ದಾ?" ಎಂದು ಕೇಳಿದೆ. ಅವನು ತಿರುಗಿ ಇನ್ನೊಂದು ಕಿವಿ ಕೊಟ್ಟ. ಮತ್ತೆ ಕೇಳಿದೆ.

"ಹೌದು."

"ನಿನಗೆ ಕ್ಯಾಮೆರಾ ಹಿಡಿಯಲು ಎಲ್ಲಿ ಗೊತ್ತುಂಟು?"

"ಎಂತ ಗೊತ್ತಾಗ್ಲಿಕ್ಕೆ ಉಂಟು ಅದರಲ್ಲಿ? ಒತ್ತಿದರಾಯ್ತು."

ಅವನು ನನ್ನನ್ನು ನೋಡಲಿಲ್ಲ. ನಾನು ಮುಂದೆ ಕೇಳಲಿಲ್ಲ.

ನಾವು ಮಂಗಳೂರಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸ್ಟೇಷನ್ನಿನಲ್ಲಿ ಹುಡುಗರ ಮನೆಯವರು ನಿಂತಿದ್ದರು. ತಮ್ಮ ತಮ್ಮ ಮಕ್ಕಳನ್ನು ಹಿಡಿದುಕೊಂಡು ಹೋದರು. ಕರೆದುಕೊಂಡು ಬಂದವನಿಂದ ದೂರ ಸರಿದು ಹೋದರು. ಅದೇ ವಾರ ಸಬ್ ಇನ್ಸ್‌ಪೆಕ್ಟರ್ ಬೋರ್ಡಿಂಗಿಗೆ ಬಂದು ಅವನ ಟ್ರಂಕು ಬಿಚ್ಚಿಸಿ ನೋಡಿದರು. ಅದಾದ ಮೇಲೆ ಹೆಡ್‌ಮಾಸ್ತರರು ಅವನ ಮಾವನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಮಾವನನ್ನು ಕೂರಿಸಿ ಹೇಳಿದರು: "ಹುಡುಗ ಒಳ್ಳೆಯವ. ಆದರೆ ಶಾಲೆಯ ಹೆಸರು ಉಳಿಯಬೇಕಲ್ಲ."

ಮಾವ ಅಂಗಳದಲ್ಲಿ ಎಲ್ಲರೆದುರು, "ನಿನ್ನನ್ನು ಇಲ್ಲಿ ಬಿಟ್ಟದ್ದು ಇಂಗ್ಲಿಷ್ ಕಲಿಲಿಕ್ಕೆ. ಪೊಲೀಸರನ್ನು ಮನೆಗೆ ತರ್ಲಿಕ್ಕೆ ಅಲ್ಲ" ಎಂದರು. ಅವನು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮಾವನ ಹಿಂದೆ ನಡೆದ. ನಾನು ಗೇಟಿನವರೆಗೆ ಹೋದೆ. "ಇನ್ನು ಎಂತ ಮಾಡ್ತಿ?" ಎಂದೆ.

"ನೋಡುವ."

ಅವನಿಗೆ ಮೆಟ್ರಿಕ್ ಕೂಡ ಆಗಲಿಲ್ಲ. ಯುದ್ಧ ಮುಗಿಯುವವರೆಗೆ ಆಗಾಗ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕಿತ್ತು. ಎಲ್ಲಿ ಕೆಲಸ ಕೇಳಿದರೂ ಪೊಲೀಸರ ಹೆಸರು ಬಂದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ಕೊನೆಗೆ ಬಸ್ಸಿನ ಕೆಲಸ ಹಿಡಿದ. ಪೆಟ್ರೋಲು ಸಿಗದ ಕಾಲ, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ದೊಡ್ಡ ಹಂಡೆಯಂಥ ಒಲೆ. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಿಡಿಯುವವರೆಗೆ ಹ್ಯಾಂಡಲ್ ತಿರುಗಿಸುವ ಕೆಲಸದಿಂದ ಶುರುಮಾಡಿ ಡ್ರೈವರ್ ಆದ. ಬಲಗಿವಿ ಕೇಳದು ಎಂದು ಕಂಡಕ್ಟರ್ ಎಡಗಡೆಗೇ ಬಂದು ಕೂಗಬೇಕಿತ್ತು. ಬಸ್ಸು ಹೊರಡಿಸುವ ಮೊದಲು ಸೀಟಿನಲ್ಲೇ ಪೂರ್ತಿ ಹಿಂದೆ ತಿರುಗಿ ಒಮ್ಮೆ ಎಲ್ಲರನ್ನೂ ನೋಡುತ್ತಿದ್ದ. ಪ್ರಯಾಣಿಕರು, "ಎಂತ ಮಾರಾಯ, ನಾವು ಓಡಿ ಹೋಗುವುದಿಲ್ಲ" ಎಂದು ತಮಾಷೆ ಮಾಡುತ್ತಿದ್ದರು. ಮೈದಾನದ ಪಕ್ಕದ ರಸ್ತೆಯಲ್ಲಿ ಹೋಗುವಾಗ ಮಾತ್ರ ಅವನ ತಲೆ ಆಚೆ ಈಚೆ ಆಡುತ್ತಿರಲಿಲ್ಲ. ಅಲ್ಲಿ ಎಂಥ ಪಂದ್ಯ ನಡೆಯಲಿ, ಎಷ್ಟು ಜನ ಕೂಗಲಿ.

ಅಜ್ಜಿ ಅಷ್ಟರಲ್ಲಿ ತೀರಿಹೋಗಿದ್ದರು. ಮೊಮ್ಮಗ ತನಗೆ ತೋರಿಸಲೆಂದು ಹಡಗಿನ ಚಿತ್ರ ತೆಗೆದು ಸಿಕ್ಕಿಬಿದ್ದ ಎಂದು ಊರವರು ಆಡಿಕೊಳ್ಳುವುದು ಅವರ ಕಿವಿಗೆ ಬಿದ್ದಿತ್ತು. ಕೊನೆಯವರೆಗೂ ಆ ಮುದುಕಿ, "ನಾನು ಹಡಗು ಕೇಳಲಿಲ್ಲ, ನನಗೆ ಯಾಕೆ ಹಡಗು" ಎಂದು ಬಂದವರ ಮುಂದೆ ಅಳುತ್ತಿದ್ದರಂತೆ. ಅವನು ಅವರಿಗೂ ನಿಜ ಹೇಳಿರಲಿಲ್ಲ.

ಯುದ್ಧ ಮುಗಿದ ಮೇಲಿನ ವರ್ಷ. ನಾನು ಅತ್ತಾವರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಒಂದು ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಒಬ್ಬ ಬಿಳಿಯ ಮುದುಕ ನಿಂತಿದ್ದ. ಅಂಗಿ ಮೈಮೇಲೆ ಜೋಲುತ್ತಿತ್ತು. "ನೀವು ನನ್ನನ್ನು ಗುರುತಿಸುತ್ತೀರೋ?" ಎಂದು ಕೇಳಿದಾಗ ಕನ್ನಡದಿಂದ ಗೊತ್ತಾಯಿತು. ಯುದ್ಧ ಪೂರ್ತಿ ಅವರನ್ನು ಶಿಬಿರದಲ್ಲಿ ಇಟ್ಟಿದ್ದರು. ಈಗ ಜರ್ಮನಿಗೆ ಕಳಿಸುತ್ತಿದ್ದಾರೆ. ಹೇಗೋ ಅನುಮತಿ ಪಡೆದು ಇಲ್ಲಿಗೆ ಬಂದಿದ್ದಾರೆ. "ಗೋಡೆ ಎಲ್ಲಿದ್ದಾರೆ?" ಎಂದರು.

ಹಂಪನಕಟ್ಟೆಯ ಬಸ್ಸು ನಿಲ್ಲುವಲ್ಲಿಗೆ ಕರೆದುಕೊಂಡು ಹೋದೆ. ಮೂಡಬಿದ್ರೆಗೆ ಹೋಗುವ ಬಸ್ಸಿನ ಹಿಂದೆ ಅವನು ಒಲೆಗೆ ಇದ್ದಿಲು ತುಂಬುತ್ತಿದ್ದ. ತಿರುಗಿ ನೋಡಿದ. ನೋಡಿದವನು ಹಾಗೇ ನಿಂತ. ಮಾಸ್ತರರು ಕೈ ಚಾಚಿದರು. ಅವನು ತನ್ನ ಮಸಿಯಾದ ಎರಡು ಕೈಗಳನ್ನೂ ತೋರಿಸಿ, ಚಾಚಿದ ಕೈಯನ್ನು ಹಿಡಿಯದೆ ಬಿಟ್ಟ.

ಮಾಸ್ತರರು ಅದೂ ಇದೂ ಮಾತಾಡಲಿಲ್ಲ. "ಆ ದಿನ ನೀವು ಏತಕ್ಕಾಗಿ ಹಾಗೆ ಹೇಳಿದಿರಿ?" ಎಂದರು.

"ನಿಮ್ಮನ್ನು ಗಲ್ಲಿಗೆ ಹಾಕ್ತಾರೆ ಅಂತ ಹೆದರಿದೆ ಸರ್. ನಾನು ಹುಡುಗ. ನನ್ನನ್ನು ಹಾಕ್ಲಿಕ್ಕಿಲ್ಲ ಅಂತ ಕಂಡಿತು."

"ನಾನು ನಿಮಗೆ ಒಂದು ಸತ್ಯ ಹೇಳಬೇಕು. ಆ ಚಿತ್ರಗಳನ್ನು ನಾನು..."

"ಗೊತ್ತುಂಟು ಸರ್. ನಾನು ಪಕ್ಕದಲ್ಲೇ ಇದ್ದೆನಲ್ಲ. ನೀವು ನಮ್ಮನ್ನು ನೋಡ್ತಿರಲಿಲ್ಲ. ನಿಮ್ಮ ಕಣ್ಣು ಇದ್ದದ್ದು ಹಡಗಿನಲ್ಲಿ."

ಮಾಸ್ತರರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಕೊಲಂಬೊದಲ್ಲಿ ನನ್ನ ದೇಶದ ಒಬ್ಬರು ಆ ಚಿತ್ರಗಳನ್ನು ಕೇಳಿದ್ದರು" ಎಂದರು. "ನನ್ನನ್ನು ಹಿಡಿದ ಮೇಲೆ ಪೊಲೀಸರು ಹೇಳಿದರು, ಒಬ್ಬ ಹುಡುಗ ಒಪ್ಪಿಕೊಂಡಿದ್ದಾನೆ ಎಂದು. ಹುಡುಗನಲ್ಲ, ನಾನೇ ಎನ್ನಬಹುದಾಗಿತ್ತು. ಸುಮ್ಮನಿದ್ದೆ."

ಬಸ್ಸಿನೊಳಗಿನಿಂದ ಯಾರೋ, "ಡ್ರೈವರೇ, ಹೊರಡುವುದಿಲ್ವಾ?" ಎಂದು ಕೇಳಿದರು. ಅವನಿಗೆ ಕೇಳಿಸಲಿಲ್ಲ.

"ಒಂದು ಕೇಳ್ತೇನೆ ಸರ್" ಎಂದ. "ನಮ್ಮನ್ನು ಕೊಲಂಬೊಗೆ ಕರ್ಕೊಂಡು ಹೋದದ್ದು ಹಾಕಿ ಆಡಿಸ್ಲಿಕ್ಕಾ, ಅದಕ್ಕಾ?"

ಅದನ್ನು ಕೇಳುವಾಗ ಅವನು ಅವರ ಮುಖವನ್ನು ನೇರ ನೋಡುತ್ತಿದ್ದ. ಏಳು ವರ್ಷ ಅವನು ಹೊತ್ತುಕೊಂಡಿದ್ದದ್ದು ಆ ಒಂದು ಪ್ರಶ್ನೆಯನ್ನು ಎಂದು ನನಗೆ ಆಗ ಅರ್ಥವಾಯಿತು. ಪೊಲೀಸರ ಪೆಟ್ಟನ್ನಲ್ಲ, ಕಳೆದುಹೋದ ಶಾಲೆಯನ್ನೂ ಅಲ್ಲ.

ಮಾಸ್ತರರು ಬಹಳ ಹೊತ್ತು ಯೋಚಿಸಿದರು. ಆಮೇಲೆ, "ಎರಡಕ್ಕೂ" ಎಂದರು.

ಅವನು ತಲೆಯಾಡಿಸಿದ. ಒಲೆಯ ಮುಚ್ಚಳ ಹಾಕಿ ಬಿಗಿಮಾಡಿದ. ಮುಂದೆ ಹೋಗಿ ತನ್ನ ಸೀಟಿನಲ್ಲಿ ಕೂತು, ಪ್ರಯಾಣಿಕರ ಕಡೆ ತಿರುಗಿಯೂ ನೋಡದೆ ಬಸ್ಸು ಹೊರಡಿಸಿದ. ಮಾಸ್ತರರು ಧೂಳಿನಲ್ಲಿ ನಿಂತೇ ಇದ್ದರು. ಅವರನ್ನು ನಾನು ಸ್ಟೇಷನ್ನಿಗೆ ಮುಟ್ಟಿಸಿ ಬಂದೆ. ಮತ್ತೆ ಅವರ ಸುದ್ದಿ ನಮಗೆ ಬರಲಿಲ್ಲ.

ಆ ಸಂಜೆ ಅವನು ಬಸ್ಸು ಬಿಟ್ಟು ಬರುವವರೆಗೆ ನಾನು ಕಾದೆ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಸಮಾಧಾನಕ್ಕೆಂದು ನಾನು ಹೇಳಿದೆ, "ಕೊನೆಗಾದರೂ ನಿಜ ಹೇಳಿದ್ರಲ್ಲ. ಅಷ್ಟಾದರೂ ಮನುಷ್ಯತ್ವ ಉಂಟು ಅವರಿಗೆ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಇಷ್ಟು ವರ್ಷ ಸುಳ್ಳು ಹೇಳ್ಲಿಕ್ಕೆ ಗೊತ್ತಿತ್ತಲ್ಲ ಅವರಿಗೆ" ಎಂದ. "ಹಾಕಿಗೇ ಅಂತ ಇದೊಂದು ಸುಳ್ಳೂ ಹೇಳ್ಬಹುದಿತ್ತು."